ಬೆಳಗ್ಗೆ ನನ್ನ ಪಾಠ, ಸಂಜೆ ಅವರ ಕ್ಲಾಸು

ಮಗಳನ್ನು ಪ್ಲೇಗ್ರೂಪಿಗೆ ಸೇರಿಸಿದ ಹೊಸದರಲ್ಲಿ, ಮಧ್ಯಾಹ್ನ ಕರೆತರಲು ಹೋದಾಗಲೆಲ್ಲ ಅವಳ ತುಟಿ ಒಣಗಿ ಬಿಳಿಚಿಕೊಂಡಿರುತ್ತಿತ್ತು. ನಾನು ಕಟ್ಟಿಕೊಟ್ಟ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸು ಬರುತ್ತಿತ್ತು. ಸೊಲ್ಲಾಪುರದ ಬಿಸಿಲಿನಲ್ಲಿ ಮೂರು ವರ್ಷದ ಕೂಸು ನೀರು ಕುಡಿಯದೆ ಹೇಗಿದ್ದೀತು? ಮನೆಗೆ ಬಂದು ತಂಬಿಗೆಗೆ ಬಾಯಿ ಹಚ್ಚಿದರೆ ಉಸಿರು ತಿರುಗಿಸದೆ ಕುಡಿಯುತ್ತಿದ್ದಳು. ಒಂದು ದಿನ ಕೇಳಿದೆ.

“ಸಾಲ್ಯಾಗ ಯಾಕ ನೀರ ಕುಡಿಯೂದಿಲ್ಲ ನೀ?”

“ನೀರ ಅಂದ್ರ ಟೀಚರ್ ಕೊಡೂದಿಲ್ಲ. ಬಾಟ್ಲಿ ಮ್ಯಾಲ ಇಟ್ಟಿರ್ತಾರ.”

ಮರುದಿನ ಬಾಗಿಲಲ್ಲೇ ಆ ಟೀಚರನ್ನು ಹಿಡಿದು ಕೇಳಿದೆ. ಆಕೆ ನಮಗೆ ಹೊಸಬಳಲ್ಲ. ನವಿ ಪೇಠದ ನಮ್ಮ ಬಟ್ಟೆ ಅಂಗಡಿಗೆ ಹಬ್ಬಕ್ಕೆಲ್ಲ ಬರುತ್ತಿದ್ದವಳು, ನಮ್ಮ ಅತ್ತೆಯ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದವಳು. ನನ್ನ ಪ್ರಶ್ನೆಗೂ ಅಷ್ಟೇ ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಕೊಟ್ಟಳು. “ಹಂಗ ನೇಮ ಅದ ವೈನಿ. ನೀರ ಅಂದಾಗ ನೀರ ಕೊಟ್ಟಬಿಟ್ರ, ವಾಟರ್ ಅನ್ನೂದು ಅವು ಯಾವಾಗ ಕಲೀಬೇಕು?”

ಅವಳಿಗೆ ಕೂಸಿನ ಮಾತು ಅರ್ಥವಾಗದೆ ಹೀಗಾಗಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಅರ್ಥವಾಗಿಯೂ ಬಾಟಲಿಯನ್ನು ಕಪಾಟಿನ ಮೇಲೆ ಇಡುತ್ತಿದ್ದಳು. ಅವತ್ತೇ ಮಗಳ ಚೀಲ, ಚಪ್ಪಲಿ, ಬಾಟಲಿ ಎಲ್ಲ ಎತ್ತಿಕೊಂಡು ಮನೆಗೆ ಬಂದುಬಿಟ್ಟೆ.

ಮನೆಯಲ್ಲಿ ಅತ್ತೆ ಏನೂ ಬೈಯಲಿಲ್ಲ. “ಮತ್ತ ಈಗೇನ್ ಮಾಡಾಕಿ?” ಎಂದಷ್ಟೇ ಕೇಳಿದರು.

“ನಾನೇ ಕಲಸ್ತೀನಿ.”

ಅತ್ತೆ ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದು ಇವತ್ತು ಹೋಳಿಗೆ ನಾನು ಮಾಡುತ್ತೇನೆ ಎಂದು ಸಣ್ಣ ಹುಡುಗಿ ಹೇಳಿದರೆ ದೊಡ್ಡವರು ನಗುತ್ತಾರಲ್ಲ, ಆ ಥರದ್ದು. ನಾನು ಡಿ.ಎಡ್. ಮಾಡಿದವಳು, ಮದುವೆಗೆ ಮುಂಚೆ ಅಕ್ಕಲಕೋಟೆಯಿಂದ ದಿನಾ ಬಸ್ಸು ಹಿಡಿದು ವಳಸಂಗದ ಕನ್ನಡ ಸಾಲಿಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದವಳು ಎಂಬುದು ಅವರಿಗೆ ಗೊತ್ತಿತ್ತು. ಕನ್ಯೆ ನೋಡಲು ಬಂದಾಗ ಅವರೇ ಅದನ್ನು ನಾಲ್ಕು ಜನರಿಗೆ ಹೇಳಿಕೊಂಡಿದ್ದರು. ಆದರೆ ಮದುವೆಯಾದ ಮೇಲೆ ಅದು ನನ್ನ ಬೆಳ್ಳಿ ಸಾಮಾನಿನ ಜೊತೆ ಕಪಾಟಿನೊಳಗೆ ಸೇರಿತ್ತು. ಯಾರೂ ಕದ್ದಿರಲಿಲ್ಲ, ಯಾರೂ ಬಳಸುತ್ತಿರಲೂ ಇಲ್ಲ.

ಬೆಳಗ್ಗೆ ಗಂಡ ಅಂಗಡಿ ತೆರೆಯಲು ಹೋದ ಮೇಲೆ, ರೊಟ್ಟಿ ಬಡಿದು ಮುಗಿಸಿ, ಅಡುಗೆಮನೆಯ ನೆಲ ಒರೆಸಿ ಅಲ್ಲೇ ಮಗಳನ್ನು ಕೂಡಿಸಿಕೊಳ್ಳುತ್ತಿದ್ದೆ. ಹಿಟ್ಟು ನಾದುವ ದೊಡ್ಡ ತಟ್ಟೆ, ಪರಾತದಲ್ಲಿ ಜೋಳದ ಹಿಟ್ಟು ಹರಡಿದರೆ ಅದೇ ನಮ್ಮ ಪಾಟಿ, ಅದೇ ಸ್ಲೇಟು. ಮೊದಲು ಕನ್ನಡದ ಅಕ್ಷರ, ಆಮೇಲೆ ಇಂಗ್ಲಿಷಿನ ಧ್ವನಿಗಳು. ಎ ಬಿ ಸಿ ಎಂಬ ಹೆಸರುಗಳನ್ನು ನಾನು ಹೇಳಿಕೊಡಲೇ ಇಲ್ಲ. ಅಕ್ಷರಕ್ಕೆ ಹೆಸರಿದ್ದರೆ ಅದು ಆಮೇಲೆ ಗೊತ್ತಾಗಲಿ, ಮೊದಲು ಅದು ಏನೆಂದು ಕೂಗುತ್ತದೆ ಅನ್ನುವುದು ಗೊತ್ತಾಗಲಿ ಎಂದು ನನ್ನ ಲೆಕ್ಕ. ಕುಕ್ಕರು ಸೀಟಿ ಬಿಡುವ ಮುಂಚಿನ ಉಸಿರು ‘ಸ್’. ಅಂಗಡಿಯ ಹಿಂದೆ ಹೊಲಿಗೆ ಮಶಿನ್ನು ‘ಟ್ ಟ್ ಟ್’. ನಲ್ಲಿಯಿಂದ ಬಕೆಟ್ಟಿಗೆ ಬೀಳುವ ಹನಿ ‘ಪ್’. ಒಂದೊಂದು ಧ್ವನಿಗೂ ಹೆಬ್ಬೆರಳಿನಿಂದ ಒಂದೊಂದು ಬೆರಳು ಮುಟ್ಟಬೇಕು, ಕೊನೆಗೆ ಮುಷ್ಟಿ ಕಟ್ಟಿದರೆ ಎಲ್ಲ ಸೇರಿ ಶಬ್ದವಾಗಬೇಕು. ವಳಸಂಗದಲ್ಲಿ ಕ್ ಮತ್ತು ಅ ಸೇರಿ ಕ ಆಗುತ್ತದೆಂದು ಕಲಿಸುವಾಗ ನಾನೇ ಹುಡುಕಿಕೊಂಡ ದಾರಿ ಅದು. ಮಗಳು ಬೆರಳು ಮುಟ್ಟುತ್ತ, “ಸ್… ಆ್ಯ… ಟ್…” ಅನ್ನುತ್ತ, ಮುಷ್ಟಿ ಬಿಗಿದು, “ಸ್ಯಾಟ್!” ಎಂದು ಮೊದಲ ಸಲ ಕೂಗಿದ ದಿನ ಹಿಟ್ಟೆಲ್ಲ ಹಾರಿ ಇಬ್ಬರ ಮೂಗಿನ ಮೇಲೂ ಕೂತಿತ್ತು.

ಆ ತಿಂಗಳುಗಳು ಚಲೋ ಇದ್ದವು. ಅದನ್ನು ಹೇಳದೆ ಬರೀ ಕಹಿ ಹೇಳಿದರೆ ಸುಳ್ಳಾದೀತು.

ಅದೇ ದಿನಗಳಲ್ಲಿ ಅಕ್ಕಲಕೋಟೆಯ ತವರಿಗೆ ಹೋಗಿದ್ದೆವು. ತಮ್ಮನ ಹೆಂಡತಿಯ ಸೀಮಂತ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋ ನೋಡುತ್ತಿದ್ದಾಗ ಪಕ್ಕದಲ್ಲಿ ಕರ್ನಾಟಕದ ಬಸ್ಸೊಂದು ನಿಂತಿತ್ತು. ಮಗಳು ನನ್ನ ಕೈ ಬಿಡಿಸಿಕೊಂಡು ಅದರ ಮುಂದೆ ಹೋಗಿ ನಿಂತು, ಕತ್ತು ಮೇಲೆತ್ತಿ, ಬೆರಳು ಮುಟ್ಟುತ್ತ ಓದತೊಡಗಿದಳು. “ಕ… ಲ… ಬು… ರ… ಗಿ.” ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅರೇ, ಓದ್ತಾಳಲ್ಲೋ ಇಕಿ! ಬರ್ತೀಯೇನವ್ವಾ ಕಲಬುರಗಿಗಿ?” ಎಂದ. ಮಗಳು ನಾಚಿಕೊಂಡು ಓಡಿ ಬಂದು ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು. ಮನೆಗೆ ಹೋಗಿ ಅವ್ವನಿಗೆ, ತಮ್ಮನಿಗೆ, ಸೀಮಂತಕ್ಕೆ ಬಂದ ಹೆಂಗಸರಿಗೆಲ್ಲ ಹೇಳಿದೆ. ಅವರೆಲ್ಲ ಖುಷಿಪಟ್ಟರು. ಒಬ್ಬಾಕೆ ಮಾತ್ರ, “ಕನ್ನಡಾ ಓದಿದ್ರ ಏನಾತ್ರಿ, ಸೊಲ್ಲಾಪುರದಾಗ ಇಂಗ್ಲಿಷ್ ಕ್ಲಾಸಿಗೆ ಹಚ್ಚಿಲ್ಲೇನು?” ಎಂದು ಕೇಳಿದಳು. ಅತ್ತೆಯೂ ನಮ್ಮ ಜೊತೆ ಬಂದಿದ್ದರು. ಆ ಮಾತು ಅವರ ಕಿವಿಗೆ ಬಿತ್ತು.

ಸೊಲ್ಲಾಪುರಕ್ಕೆ ಮರಳಿದ ವಾರದಲ್ಲೇ ಗಂಡ ಸುದ್ದಿ ತಂದರು. ವಿಜಾಪುರ ರಸ್ತೆಯ ಕಡೆ ಧ್ವನಿ ಹಿಡಿದು ಇಂಗ್ಲಿಷ್ ಓದಲು ಕಲಿಸುವ ಒಂದು ಹೊಸ ಫೋನಿಕ್ಸ್ ಕ್ಲಾಸು, ಊರಿನ ದೊಡ್ಡ ದೊಡ್ಡ ವ್ಯಾಪಾರಸ್ಥರ ಮಕ್ಕಳೆಲ್ಲ ಅಲ್ಲಿಗೇ ಹೋಗುವುದು. ಅದರ ಮ್ಯಾಡಮ್ಮು ಮಕ್ಕಳ ಟಿ-ಶರ್ಟು, ಚೀಲಗಳ ಆರ್ಡರು ನಮ್ಮ ಅಂಗಡಿಗೇ ಕೊಟ್ಟಿದ್ದರು. “ನಮ್ಮ ಗಿರಾಕಿ. ನಮ್ಮ ಹುಡುಗಿನ್ನ ಕಳಸದಿದ್ರ ಚಂದ ಕಾಣೂದಿಲ್ಲ,” ಎಂದರು.

“ಅಕಿಗಿ ನಾ ಕಲ್ಸಾಕತ್ತೀನಲ್ಲ. ಓದಾಕತ್ತಾಳ.”

“ನೀ ಕಲಸೂದು ಬಿಡು ಅಂತ ಯಾರಂದ್ರು? ಮುಂಜಾನೆ ನೀ ಕಲಸು. ಸಂಜಿಕ್ಕ ಕ್ಲಾಸಿಗಿ ಹೋಗ್ಲಿ. ಎರಡೂ ಬ್ಯಾಲೆನ್ಸ್ ಮಾಡು.”

ಬ್ಯಾಲೆನ್ಸ್ ಎಂಬ ಆ ಶಬ್ದ ಆಮೇಲೆ ನಮ್ಮ ಮನೆಯಲ್ಲಿ ಬಹಳ ಸಲ ಬಂತು. ತೂಗು ಅನ್ನುವವರು ಯಾರೂ ತಕ್ಕಡಿಯ ಹತ್ತಿರ ಬರುತ್ತಿರಲಿಲ್ಲ, ನಾನೊಬ್ಬಳೇ ಹಿಡಿದುಕೊಂಡು ನಿಂತಿರಬೇಕಿತ್ತು.

ಕ್ಲಾಸಿನ ಮ್ಯಾಡಮ್ಮು ನನಗಿಂತ ವಯಸ್ಸಿನಲ್ಲಿ ಸಣ್ಣವಳೇ. ನೀಟಾಗಿ ಇಸ್ತ್ರಿ ಮಾಡಿದ ಕುರ್ತಾ, ನಗುಮುಖ, ಮರಾಠಿಯಲ್ಲಿ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುವ ಮಾತು. ಗೋಡೆಯ ತುಂಬ ಚಿತ್ರ, ನೆಲಕ್ಕೆ ಮೆತ್ತನೆಯ ಬಣ್ಣದ ಹಾಸು, ತಣ್ಣಗಿನ ಎಸಿ. ಮಗಳಿಗೆ ಎಸಿ ಬಹಳ ಹಿಡಿಸಿತು. ಆದರೆ ಅಲ್ಲಿ ಧ್ವನಿಗಳನ್ನು ಹೇಳಿಕೊಡುವ ರೀತಿಯೇ ಬೇರೆ. ಪ್ರತಿಯೊಂದಕ್ಕೂ ಹಿಂದೊಂದು ಬಾಲ ಅಂಟಿಸಿ, ಚಪ್ಪಾಳೆ ತಟ್ಟಿ, “ಸಅ, ಟಅ, ಪಅ” ಎಂದು ಕೂಗಿಸುತ್ತಿದ್ದರು. ಬಾಲ ಅಂಟಿದ ಧ್ವನಿಗಳು ಒಂದಕ್ಕೊಂದು ಕೂಡುವುದಿಲ್ಲ. ಮಗಳು ಮರುದಿನ ಬೆಳಗ್ಗೆ ಹಿಟ್ಟಿನ ಪರಾತದ ಮುಂದೆ ಕೂತು, “ಸಅ… ಆ್ಯ… ಟಅ…” ಎಂದು, ಮುಷ್ಟಿ ಕಟ್ಟಿ, “ಸಾಟಾ?” ಎಂದು ನನ್ನ ಮುಖ ನೋಡಿದಳು.

“ಬರೇ ಸ್ ಅನ್ನವ್ವಾ. ಕುಕ್ಕರ್ ಹ್ಯಾಂಗ ಅಂತದ?”

“ಮ್ಯಾಡಮ್ ಹಂಗ ಅಲ್ಲ ಅಂತಾರ. ಬೆರಳ ಮುಟ್ಟಬಾರ್ದಂತ. ಚಪ್ಪಾಳಿ ಹೊಡೀಬೇಕಂತ.”

ಬೆಳಗ್ಗೆ ನಾನು ಬಿಡಿಸಿದ್ದನ್ನು ಸಂಜೆ ಅವರು ಸಿಕ್ಕುಗಟ್ಟಿಸುತ್ತಿದ್ದರು. ಮರುದಿನ ಬೆಳಗ್ಗೆ ನನ್ನ ಅರ್ಧ ಹೊತ್ತು ಸಿಕ್ಕು ಬಿಡಿಸುವುದಕ್ಕೇ ಹೋಗುತ್ತಿತ್ತು. ಗಂಡನಿಗೆ ಹೇಳಿದರೆ, “ಅವರು ಟ್ರೇನಿಂಗ್ ಮಾಡ್ಯಾರ,” ಎನ್ನುತ್ತಿದ್ದರು. ನಾನೂ ಮಾಡಿದ್ದೆ. ಅದನ್ನು ಹೇಳಿದರೆ, “ನಿಂದು ಕನ್ನಡ ಸಾಲಿದು,” ಎಂಬ ಉತ್ತರ. ಮಧ್ಯದಲ್ಲಿ ಸಿಕ್ಕವಳು ಮಗಳು. ಕೆಲವೊಂದು ದಿನ ಬೆಳಗ್ಗೆ ಯಾವ ಅಕ್ಷರಕ್ಕೂ ಉತ್ತರ ಕೊಡದೆ ಹಿಟ್ಟಿನಲ್ಲಿ ಬರೀ ಗೆರೆ ಎಳೆಯುತ್ತ ಕೂತಿರುತ್ತಿದ್ದಳು. ಯಾವ ಉತ್ತರ ಕೊಟ್ಟರೂ ಇಬ್ಬರಲ್ಲಿ ಒಬ್ಬರಿಗೆ ತಪ್ಪಾಗುತ್ತದೆಂದು ಅಷ್ಟು ಸಣ್ಣ ಹುಡುಗಿಗೂ ತಿಳಿದುಹೋಗಿತ್ತು.

ನಾನು ಬಿಡಲಿಲ್ಲ. ಆಟ ಆಡುತ್ತ, ರೊಟ್ಟಿ ಬಡಿಯುತ್ತ, ತಲೆ ಬಾಚುತ್ತ, ಎಲ್ಲಿ ಸಿಕ್ಕರೆ ಅಲ್ಲಿ ಕಲಿಸಿದೆ. ಚಳಿಗಾಲ ಬರುವಷ್ಟರಲ್ಲಿ ಮಗಳು ಮೂರಕ್ಷರದ ಶಬ್ದಗಳನ್ನು ದಾಟಿ ಸಣ್ಣ ಸಣ್ಣ ವಾಕ್ಯ ಓದತೊಡಗಿದಳು.

ಆಗ ಕ್ಲಾಸಿನವರು ಪಾಲಕರ ಸಭೆ ಇಟ್ಟುಕೊಂಡರು. ಒಂದು ಮಂಗಲ ಕಾರ್ಯಾಲಯದ ಹಾಲ್, ಮುಂದೆ ಬಣ್ಣದ ಬಲೂನು. ಅತ್ತೆ ರೇಶ್ಮೆ ಸೀರೆ ಉಟ್ಟು ಬಂದಿದ್ದರು. ಗಂಡ ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದರು. ಬೇರೆ ಮಕ್ಕಳು ಹಾಡಿದರು, ಕುಣಿದರು, ಚಪ್ಪಾಳೆ ತಟ್ಟಿ ಅಕ್ಷರ ಹೇಳಿದರು. ಕೊನೆಗೆ ಮ್ಯಾಡಮ್ ನನ್ನ ಮಗಳನ್ನು ವೇದಿಕೆಗೆ ಕರೆದು, ಸಭೆಯ ಯಾರಾದರೂ ಬಂದು ಬೋರ್ಡಿನ ಮೇಲೆ ತಮಗೆ ಬೇಕಾದ ಶಬ್ದ ಬರೆಯಿರಿ ಎಂದಳು. ಒಬ್ಬ ಗೃಹಸ್ಥರು ಎದ್ದು ಹೋಗಿ ಇಂಗ್ಲಿಷಿನಲ್ಲಿ ‘ಬಾಸ್ಕೆಟ್’ ಎಂದು ಬರೆದರು. ಅವಳು ಎಂದೂ ನೋಡದ ಶಬ್ದ.

ಮಗಳು ಬೋರ್ಡಿನ ಕಡೆ ತಿರುಗಿ ನಿಂತಳು. ನನಗೆ ಅವಳ ಮುಖ ಕಾಣಿಸಲಿಲ್ಲ. ನಾನು ನೋಡುತ್ತಿದ್ದದ್ದು ಅವಳ ಬಲಗೈ. ಫ್ರಾಕಿನ ನಿರಿಗೆಯೊಳಗೆ ಅದನ್ನು ಅಡಗಿಸಿಕೊಂಡಿದ್ದಳು, ಬಟ್ಟೆ ಸಣ್ಣಗೆ ಅಲುಗುತ್ತಿತ್ತು. ಒಂದೊಂದೇ ಬೆರಳು ಮುಟ್ಟುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನಿರಿಗೆ ಒಮ್ಮೆ ಮುದುಡಿತು. ಮುಷ್ಟಿ. “ಬಾಸ್ಕೆಟ್,” ಎಂದಳು.

ಹಾಲ್ ತುಂಬ ಚಪ್ಪಾಳೆ. ಮ್ಯಾಡಮ್ ಅವಳ ಹೆಗಲ ಮೇಲೆ ಕೈಯಿಟ್ಟು ಮೈಕಿನಲ್ಲಿ ಮರಾಠಿಯಲ್ಲಿ ಹೇಳಿದಳು, ಈ ಹುಡುಗಿ ನಮ್ಮ ಹತ್ತಿರ ಬಂದಾಗ ಬಾಯಿಯನ್ನೇ ಬಿಡುತ್ತಿರಲಿಲ್ಲ, ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ, ಇದು ನಮ್ಮ ಪದ್ಧತಿಯ ಕಮಾಲು. ಅತ್ತೆ ಮನೆಯಿಂದಲೇ ತಂದಿದ್ದ ಸೀರೆ, ತೆಂಗಿನಕಾಯಿಯನ್ನು ವೇದಿಕೆಯ ಮೇಲೆ ಹೋಗಿ ಆಕೆಯ ಉಡಿಗೆ ಹಾಕಿದರು. ಫೋಟೋ ತೆಗೆದರು. “ನೀನೂ ಬಾರವ್ವಾ,” ಎಂದು ಅತ್ತೆ ನನ್ನನ್ನು ಕರೆದರು. ಫೋಟೋದಲ್ಲಿ ನಾನು ಅಂಚಿಗಿದ್ದೇನೆ, ಬಲೂನಿನ ಹಿಂದೆ ಅರ್ಧ ಮುಖ.

ಮನೆಗೆ ಬರುವಾಗ ಗಂಡನಿಗೆ ಹೇಳಿದೆ, “ಅಕಿ ಓದಿದ್ದು ನಾ ಕಲ್ಸಿದ್ದು. ನಿಮಗ ಗೊತ್ತದ.”

“ಗೊತ್ತದ. ಈಗ ಅದನ್ನ ಮೈಕಿನ್ಯಾಗ ಹೇಳ್ಬೇಕಿತ್ತೇನು? ಹುಡುಗಿ ಕಲ್ತಾಳಲ್ಲ. ಯಾರ ಕಲಸಿದ್ರ ಏನು?”

ಯಾರು ಕಲಿಸಿದರೇನು ಎಂಬುದು ನಿಜವೇ ಆಗಿದ್ದರೆ ಸೀರೆ ನನಗೂ ಕೊಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ಸೀರೆಗಾಗಿ ಜಗಳ ತೆಗೆದಳು ಎಂಬ ಮಾತೇ ಮನೆಯಲ್ಲಿ ಉಳಿಯುತ್ತದೆಂದು ಗೊತ್ತಿತ್ತು. ಬಟ್ಟೆ ಅಂಗಡಿಯ ಸೊಸೆಗೆ ಸೀರೆಯ ಕೊರತೆಯೇ?

ಆದರೆ ಮ್ಯಾಡಮ್ಮು ದಡ್ಡಳಲ್ಲ. ನಿರಿಗೆಯೊಳಗಿನ ಕೈಯನ್ನು ಅವಳೂ ನೋಡಿದ್ದಳು. ಕೆಲವು ದಿನಗಳಾದ ಮೇಲೆ ಆರ್ಡರಿನ ನೆಪ ಮಾಡಿಕೊಂಡು ಮನೆಗೆ ಬಂದು, ಅಡುಗೆಮನೆಯ ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತು, ಪರಾತ, ಹಿಟ್ಟು, ನಾನು ಶರ್ಟು ಬರುವ ಹಳೆಯ ರಟ್ಟಿನ ಡಬ್ಬಿಗಳನ್ನು ಕತ್ತರಿಸಿ ಮಾಡಿದ್ದ ಅಕ್ಷರದ ತುಂಡುಗಳು, ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದಳು. ಅವಳು ಕೇಳಿದ ಪ್ರಶ್ನೆಗಳು ಸರಿಯಾದ ಪ್ರಶ್ನೆಗಳು. ಬಾಲದ ವಿಷಯ ಹೇಳಿದಾಗ, “ಅದಕ್ಕೇ ನಮ್ಮ ಮಕ್ಕಳು ಕೂಡಿಸುವಲ್ಲಿ ಎಡವುತ್ತಾರೆ,” ಎಂದು ತಾನೇ ಮರಾಠಿಯಲ್ಲಿ ಒಪ್ಪಿಕೊಂಡಳು. ಅಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ನನ್ನೊಡನೆ ಸಮನಾಗಿ ಮಾತಾಡಿದವಳು ಅವಳೊಬ್ಬಳೇ. ಹೊರಡುವಾಗ ಹೇಳಿದಳು, “ನಮ್ಮ ಕ್ಲಾಸಿಗೆ ಬಂದು ಕಲಿಸಿ. ನಿಮ್ಮಂಥವರು ಬೇಕು.”

ಅವತ್ತು ನಾನು ಎಷ್ಟು ಸಂತೋಷಪಟ್ಟೆ ಎಂದು ನೆನೆದರೆ ಈಗ ಮೈ ಉರಿಯುತ್ತದೆ.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಗಿರಾಕಿಯ ಮಾತು. ಅತ್ತೆ, “ಹೆಂಗೂ ಹುಡುಗಿನ್ನ ಬಿಡಾಕ ಹೋಗೂದೇ ಅದ, ಅಲ್ಲೇ ಕೂತು ಬಾ,” ಎಂದರು. ಮೊದಲ ದಿನ ಮ್ಯಾಡಮ್ ತನ್ನ ಕೋಣೆಗೆ ಕರೆದು, ಸಲ್ವಾರಿನ ಮೇಲೆ ಹಾಕಿಕೊಳ್ಳಲು ಕ್ಲಾಸಿನ ಟಿ-ಶರ್ಟು ಕೊಟ್ಟಳು. ನಮ್ಮ ಅಂಗಡಿಯಲ್ಲೇ ಹೊಲಿಸಿದ್ದು. ಆಮೇಲೆ ನಗುತ್ತಲೇ ಕೆಲವು ಮಾತು ಹೇಳಿದಳು. ಒಳಗೆ ಕನ್ನಡ ಬೇಡ. ಎಲ್ಲಿ ಕಲಿಸುತ್ತಿದ್ದಿರಿ ಎಂದು ಪಾಲಕರು ಕೇಳಿದರೆ ವಳಸಂಗದ ಹೆಸರು ಹೇಳಬೇಡಿ, ನಮ್ಮಲ್ಲೇ ಟ್ರೇನಿಂಗ್ ಆಯಿತು ಎನ್ನಿ. “ಮತ್ತೆ ನಿಮ್ಮ ಮಗಳು ಇಲ್ಲಿ ನಿಮ್ಮ ಮಗಳಲ್ಲ. ಬೇರೆ ಪಾಲಕರ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲ? ಮಿಸ್ ಅಂತ ಕರೆಯಲಿ. ಮಕ್ಕಳು ಬೇಗ ಕಲಿಯುತ್ತಾರೆ.”

ನಾನು ತಲೆಯಾಡಿಸಿದೆ. ವೃತ್ತಿಯೆಂದರೆ ಹೀಗೆಯೇ ಇರುತ್ತದೆಂದುಕೊಂಡೆ. ಮಗಳಿಗೆ ಹೇಳಿದಾಗ ಅವಳು ಅದನ್ನು ಆಟವೆಂದೇ ತಿಳಿದಳು. ಮನೆಯಲ್ಲೂ “ಮಿಸ್, ರೊಟ್ಟಿ ಕೊಡ್ರಿ ಮಿಸ್” ಎಂದು ಕೇಕೆ ಹಾಕಿ ನಗುತ್ತಿದ್ದಳು.

ಮಕ್ಕಳಿಗೆ ನಾನು ಕಲಿಸಿದೆ. ಬಾಲ ಕತ್ತರಿಸಿದೆ, ಬೆರಳು ಮುಟ್ಟಿಸಿದೆ, ಮುಷ್ಟಿ ಕಟ್ಟಿಸಿದೆ. ಚಪ್ಪಾಳೆ ನಿಂತಿತು. ಮಕ್ಕಳು ಓದತೊಡಗಿದರು. ಕಂದಲಗಾಂವದ ಕಡೆಯಿಂದ ಅಪ್ಪನ ಬೈಕಿನ ಮೇಲೆ ಬರುತ್ತಿದ್ದ ಒಂದು ಹುಡುಗಿಯಂತೂ ಓದಿದ್ದನ್ನೇ ಮತ್ತೆ ಮತ್ತೆ ಓದಿ ತೋರಿಸಲು ನನ್ನ ಹಿಂದೆ ಹಿಂದೆ ಓಡಾಡುತ್ತಿತ್ತು. ಮ್ಯಾಡಮ್ ಜಾಹೀರಾತಿಗೆಂದು ನನ್ನ ಪಾಠದ ವಿಡಿಯೋ ಮಾಡಿಸಿದಳು. ಆಮೇಲೆ ಎಲ್ಲರ ಫೋನಿಗೂ ಅದು ಬಂತು. ನನ್ನ ಕೈಗಳಷ್ಟೇ ಇದ್ದವು, ಹಿಟ್ಟಿನಲ್ಲಿ ಅಕ್ಷರ ಬರೆಯುವ ಕೈ, ಬೆರಳು ಮುಟ್ಟುವ ಕೈ. ಮುಖವೂ ಮಾತೂ ಮ್ಯಾಡಮ್ಮನದು. ಅತ್ತೆ ಅದನ್ನು ನೋಡಿ, “ಬಳಿ ನಿನ್ನವ್ ಅದಾವಲ್ಲ?” ಎಂದು ಗುರುತು ಹಿಡಿದರು.

ಬೆಳಗಿನ ನಮ್ಮ ಪಾಠ ನಿಂತೇಹೋಗಿತ್ತು. ಬೆಳಗ್ಗೆ ನಾನು ಕ್ಲಾಸಿನ ಮಕ್ಕಳಿಗೆ ಚಿತ್ರ ಅಂಟಿಸುತ್ತ, ಅಕ್ಷರ ಕತ್ತರಿಸುತ್ತ ಕೂತಿರುತ್ತಿದ್ದೆ. ಮಗಳು ಬಂದು, “ಹಿಟ್ಟ ಹಾಕು,” ಎಂದರೆ, “ಸಂಜಿಕ್ಕ ಕ್ಲಾಸಿನ್ಯಾಗ ಮಾಡೂಣು,” ಎನ್ನುತ್ತಿದ್ದೆ. ಕ್ಲಾಸಿನಲ್ಲಿ ಅವಳನ್ನು ಬೇರೆ ಕೋಣೆಯಲ್ಲಿ ಕೂಡಿಸುತ್ತಿದ್ದರು. ಕನ್ನಡ ಅಕ್ಷರಗಳನ್ನು ಇಟ್ಟಿದ್ದ ಡಬ್ಬಿಯನ್ನು ಅತ್ತೆ ಒಂದು ದಿನ ಅಟ್ಟಕ್ಕೆ ಏರಿಸಿದರು, ಕಾಲಿಗೆ ತೊಡರುತ್ತದೆಂದು.

ಒಂದು ಸಂಜೆ ನಾನು ಕೋಣೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡಿದ್ದೆ. ಹೊರಗೆ ಮಕ್ಕಳು ಸಾಲಾಗಿ ನಡೆಯುವ ಸದ್ದು, ಆಮೇಲೆ ಗಾಳಿಗೆ ಬಾಗಿಲೊಂದು ಧಡ್ ಎಂದು ಬಡಿದುಕೊಂಡ ಸದ್ದು, ಅದರ ಹಿಂದೆಯೇ ಕಿರುಚಿದ ಧ್ವನಿ. ಆ ಧ್ವನಿ ಯಾರದೆಂದು ಯಾರೂ ನನಗೆ ಹೇಳಬೇಕಿರಲಿಲ್ಲ. ಓಡಿದೆ. ಮಗಳ ಬೆರಳು ಬಾಗಿಲಿನ ಸಂದಿಗೆ ಸಿಕ್ಕಿತ್ತು. ಆಯಾ ಬಾಗಿಲು ತೆಗೆದಿದ್ದಳು, ಉಗುರು ಕಿತ್ತು ಬಂದು ರಕ್ತ ಬಣ್ಣದ ಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮ್ಯಾಡಮ್ಮೂ ಅಷ್ಟರಲ್ಲಿ ಬಂದಿದ್ದಳು. ಒಂದಿಬ್ಬರು ಪಾಲಕರೂ ಇದ್ದರು.

ಮಗಳು ನನ್ನನ್ನು ನೋಡಿದಳು.

“ಮಿಸ್,” ಎಂದಳು. “ಮಿಸ್, ಫಿಂಗರ್. ಮಿಸ್.”

ನಾನು ಅವಳನ್ನು ಎತ್ತಿಕೊಂಡು, ಓಢಣಿಯಿಂದ ಬೆರಳು ಸುತ್ತಿ, “ಅವ್ವಾ ಅನ್ನು ನನ್ನ ಬಂಗಾರಾ, ಅವ್ವಾ ಅನ್ನು,” ಎಂದೆ. ಅವಳು ನನ್ನ ಹೆಗಲ ಮೇಲಿಂದ ಮ್ಯಾಡಮ್ಮನ ಕಡೆ ನೋಡಿದಳು. ಅಪ್ಪಣೆಗೆ ನೋಡಿದಳು. ಮ್ಯಾಡಮ್ ಪಾಪ ಗಾಬರಿಯಲ್ಲಿದ್ದಳು, ಮಂಜುಗಡ್ಡೆ ತನ್ನಿ ಎಂದು ಕೂಗುತ್ತಿದ್ದಳು, ಇದೊಂದೂ ಅವಳ ಗಮನಕ್ಕೆ ಬಂದಿರಲಿಕ್ಕಿಲ್ಲ. ಮಗಳು ಬಾಯಿ ಬಿಗಿಹಿಡಿದು, ಮೂಗಿನಿಂದ ಮಾತ್ರ ಅಳುತ್ತ, ನನ್ನ ಕುತ್ತಿಗೆಗೆ ಜೋತುಬಿದ್ದಳು.

ಟಿ-ಶರ್ಟಿನಲ್ಲೇ ಹೊರಗೆ ಬಂದು ಆಟೋ ಹತ್ತಿದೆ. ಆಟೋ ಆ ಬೀದಿಯನ್ನು ಬಿಟ್ಟು ತಿರುವಿನಲ್ಲಿ ಹೊರಳಿ, ಕ್ಲಾಸಿನ ಬೋರ್ಡು ಮರೆಯಾದ ಮೇಲೆ, ಅವಳು ತಲೆಯೆತ್ತಿ ಹಿಂದೆ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಗಂಟಲು ಹರಿಯುವ ಹಾಗೆ “ಅವ್ವಾ” ಎಂದು ಅತ್ತಳು.

ಡಾಕ್ಟರು ಉಗುರು ಮತ್ತೆ ಬರುತ್ತದೆಂದರು. ಬಂತು ಕೂಡ.

ಅವತ್ತು ಮನೆಯಲ್ಲಿ ನಾನು ಇನ್ನು ಆ ಕ್ಲಾಸಿಗೆ ಹೋಗುವುದಿಲ್ಲ, ಮಗಳನ್ನೂ ಕಳಿಸುವುದಿಲ್ಲ ಎಂದೆ.

ಗಂಡ ಮಗಳ ಪಟ್ಟಿ ಕಟ್ಟಿದ ಬೆರಳು ಹಿಡಿದುಕೊಂಡೇ ಕೇಳಿದರು, “ಬಾಗಲಾ ಗಾಳಿಗಿ ಬಡದದ. ಅದಕ್ಕ ಅವರೇನ್ ಮಾಡ್ತಾರ?”

“ಬಾಗಲದ ಮಾತಲ್ಲ ನಾ ಆಡಾಕತ್ತಿದ್ದು.”

“ಮತ್ತ ಯಾವ್ದು?”

ಹೇಳಿದೆ. ಮಿಸ್ ಅಂದಳು, ಅಷ್ಟು ನೋವಿನಲ್ಲೂ ಮಿಸ್ ಅಂದಳು ಎಂದೆ. ಗಂಡ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ. ಪಟ್ಟಿಯ ಸಡಿಲಾದ ತುದಿಯನ್ನು ಮೆಲ್ಲಗೆ ಒಳಗೆ ಸೇರಿಸಿದರು. ಆಮೇಲೆ, “ಶಿಸ್ತ ಕಲ್ತಾಳ, ಅಷ್ಟ. ಅದಕ್ಕ್ಯಾಕ ಅಳ್ತಿ?” ಎಂದರು. ಅತ್ತೆ, “ನಿನಗ ಭಾಳ ಸಿಟ್ಟ,” ಎಂದರು. ಗಿರಾಕಿಯ ಮನಸ್ಸು ನೋಯಿಸಬಾರದೆಂದು ಮರುದಿನ ಅವರೇ ಕ್ಲಾಸಿಗೆ ಫೋನು ಮಾಡಿ ಸೊಸೆಗೆ ಮೈಯಲ್ಲಿ ಆರಾಮಿಲ್ಲವೆಂದು ಹೇಳಿದರು. ಮ್ಯಾಡಮ್ ಪಾಲಕರಿಗೆ ಬೇರೆಯೇ ಹೇಳಿದಳೆಂದು ಆಮೇಲೆ ತಿಳಿಯಿತು. ನಮ್ಮ ಪದ್ಧತಿ ಅವರಿಗೆ ಹೊಂದಲಿಲ್ಲ, ಕನ್ನಡ ಸಾಲಿಯಿಂದ ಬಂದವರಲ್ಲವೇ, ಎಂದಳಂತೆ.

ಬೆರಳು ಮಾಯುತ್ತಲೇ ಮಗಳು ಕ್ಲಾಸಿಗೆ ಹೋಗುವೆನೆಂದು ಹಟ ಹಿಡಿದಳು. ಗೆಳತಿಯರು ಅಲ್ಲಿದ್ದರು, ಎಸಿ ಅಲ್ಲಿತ್ತು. ಗಂಡ ಸ್ಕೂಟರಿನ ಮೇಲೆ ಬಿಟ್ಟುಬರತೊಡಗಿದರು. ನಾನು ಅಟ್ಟದ ಡಬ್ಬಿ ಇಳಿಸಿ, ಮತ್ತೆ ಬೆಳಗ್ಗೆ ಪರಾತದಲ್ಲಿ ಹಿಟ್ಟು ಹರಡಿ ಕರೆದೆ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, “ಬ್ಯಾಡವ್ವಾ, ನನಗ ಬರ್ತದ,” ಎಂದಳು. ಅವಳು ಹೇಳಿದ್ದು ನಿಜ. ಅವಳಿಗೆ ಬರುತ್ತಿತ್ತು. ಹರಡಿದ ಹಿಟ್ಟನ್ನು ಅವತ್ತಿನ ರೊಟ್ಟಿಗೆ ಕಲಸಿದೆ.

ಈಗ ಅವಳು ಇಂಗ್ಲಿಷ್ ಮಾಧ್ಯಮದ ದೊಡ್ಡ ಸಾಲಿಗೆ ಹೋಗುತ್ತಾಳೆ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಾಳೆ. ನನ್ನ ಇಂಗ್ಲಿಷ್ ಉಚ್ಚಾರವನ್ನು ತಿದ್ದುತ್ತಾಳೆ, ಅದೂ ಮುದ್ದಾಗಿ, ನನಗೆ ನೋವಾಗದ ಹಾಗೆ. ಕನ್ನಡದ ಅಕ್ಷರ ಕೇಳಿದರೆ ನಾಲ್ಕಾರು ಹೇಳಿ ನಿಲ್ಲಿಸುತ್ತಾಳೆ. ಸಾಲಿಯವರು ಇಷ್ಟು ಚಂದ ಓದಲು ಎಲ್ಲಿ ಕಲಿತೆ ಎಂದು ಕೇಳಿದರೆ ಆ ಕ್ಲಾಸಿನ ಹೆಸರು ಹೇಳುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಅಷ್ಟು ಸಣ್ಣ ವಯಸ್ಸಿನ ನೆನಪು ಯಾರಿಗಿರುತ್ತದೆ? ಅವಳಿಗೆ ನೆನಪಿರುವುದು ವೇದಿಕೆ, ಬಲೂನು, ಚಪ್ಪಾಳೆ. ಮನೆಯ ಗೋಡೆಗೆ ಫೋಟೋವೂ ಇದೆ.

ಮೊನ್ನೆ ಅಕ್ಕಲಕೋಟೆಯಿಂದ ತಮ್ಮನ ಹೆಂಡತಿ ಫೋನು ಮಾಡಿದ್ದಳು. ಆ ಕ್ಲಾಸಿನ ಶಾಖೆ ಈಗ ಅವರ ಬೀದಿಯಲ್ಲೂ ಆಗಿದೆಯಂತೆ.

“ವೈನಿ, ನೀವು ಅಲ್ಲಿ ಕೆಲಸಾ ಮಾಡೀರಲ್ಲ. ಹ್ಯಾಂಗ ಅದ ಹೇಳ್ರಿ. ನಮ್ಮ ಹುಡುಗನ್ನ ಹಚ್ಚಬೇಕಂತ ಮಾಡೀವಿ.”

ನಾನು ಎಲ್ಲ ಹೇಳಿದೆ. ಯಾರಿಗೂ ಹೇಳದಷ್ಟು ಬಿಡಿಸಿ ಅವಳಿಗೆ ಹೇಳಿದೆ, ನೀನೇ ಕಲಿಸು, ನಾನು ಬಂದು ತೋರಿಸಿಕೊಡುತ್ತೇನೆ, ಏನೂ ಕಷ್ಟವಿಲ್ಲ ಎಂದೆ. ಅವಳು ಮಧ್ಯೆ ಬಾಯಿ ಹಾಕದೆ, ಹ್ಞೂಂ ಹ್ಞೂಂ ಎನ್ನುತ್ತ ಕೇಳಿದಳು. ಕೊನೆಗೆ, “ಖರೇ ಅದ್ರಿ ವೈನಿ. ಆದ್ರ ಎಲ್ಲಾರೂ ಕಳಸಾಕತ್ತಾರ, ನಮ್ಮಂವ ಒಬ್ಬನ ಮನ್ಯಾಗ ಉಳದ್ರ ಹ್ಯಾಂಗ?” ಎಂದಳು.

“ಅಲ್ಲಿ ಕಲಸಾಕ ಯಾರ ಬರ್ತಾರ?” ಎಂದು ಕೇಳಿದೆ.

“ವಳಸಂಗದ ಕಡೀಂದ ಒಂದ್ ಹುಡುಗಿ ಬರ್ತದ್ರಿ. ಡಿ.ಎಡ್. ಆಗ್ಯದಂತ. ಭಾಳ ಚಲೋ ಅದ ಪಾಪ, ತನ್ನ ಕೈಲೆ ಅಕ್ಷರಾ ಕತ್ತರ್ಸಿ ಮಾಡ್ಕೊಂಡ ಬರ್ತದ.”

ಆ ಹುಡುಗಿಯ ಹೆಸರು ಕೇಳಬೇಕೆನಿಸಿತು. ಒಲೆಯ ಮೇಲೆ ಬೇಳೆ ಇದೆ ಎಂದು ಹೇಳಿ ಫೋನು ಇಟ್ಟೆ.